ಉಪ್ಪಿನಕಾಯಿ ಬಾಟಲಿಯೂ ಉಲ್ಟಾ ಪಂಪೂ

ಉಪಕಾರಕ್ಕೆ ಪ್ರತ್ಯುಪಕಾರ ಮಾಡಬೇಕೆಂಬ ಆಸೆ ಒಳ್ಳೆಯದೇ. ಆದರೆ ಆ ಆಸೆ ನನ್ನಂಥ ಕೈಲಾಗದವನ ತಲೆಗೆ ಹೊಕ್ಕರೆ ಮೊದಲು ಉಪಕಾರ ಮಾಡಿದವರ ಗತಿ ಏನು ಎಂದು ಯಾರೂ ಯೋಚಿಸಿದಂತಿಲ್ಲ. ನಾನು ಡೇಟಾಬೇಸ್ ನೋಡಿಕೊಳ್ಳುವ ಮನುಷ್ಯ. ಯಾರೋ ಅಳಿಸಿಹಾಕಿದ ಮಾಹಿತಿಯನ್ನು ಹೇಗೋ ಹುಡುಕಿ ವಾಪಸು ತರಬಲ್ಲೆ. ಆದರೆ ಒಂದು ಯಂತ್ರ ಬಿಚ್ಚಿದರೆ ಜೋಡಿಸಿದ ಮೇಲೆ ನನ್ನ ಕೈಯಲ್ಲಿ ಎರಡು ಸ್ಕ್ರೂ ಮಿಕ್ಕೇ ಮಿಗುತ್ತವೆ. ನಾನು ಗ್ಯಾರೇಜಿನ ಕಡೆಗೆ ಹೊರಟರೆ ನನ್ನ ಹೆಂಡತಿ ಸುಮಾ ಯಾರನ್ನಾದರೂ ಸಹಾಯಕ್ಕೆ ಕರೆಯಬೇಕಾದೀತೆಂದು ಮೊದಲು ಫೋನ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುತ್ತಾಳೆ.

ನನಗೆ ಉಪಕಾರ ಮಾಡಿದವರು ಪಕ್ಕದ ಮನೆಯ ಮಿಸ್ ಲಿಂಡಾ. ಇಲ್ಲಿ ಮದುವೆಯಾದ ಹಿರಿಯರನ್ನೂ ಗೌರವಕ್ಕೆ ಮಿಸ್ ಎನ್ನುವುದುಂಟು. ಎಪ್ಪತ್ತು ದಾಟಿದವರು, ಒಂಟಿ ಜೀವ. ನಾವು ಪಕ್ಕದೂರು ಶ್ಯಾಂಟಿಲಿಯ ಅಪಾರ್ಟ್‌ಮೆಂಟ್ ಬಿಟ್ಟು ಸ್ಟರ್ಲಿಂಗ್‌ನ ಈ ಮನೆಗೆ ಬಂದದ್ದು ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ. ಆಗ ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗಿತ್ತು. ಹೊರಗೆ ಬಂದದ್ದು ಹುಲ್ಲು ಮಾತ್ರ. ಮೂರನೆಯ ವಾರಕ್ಕೆ ಅದು ನನ್ನ ಮಗಳು ಮೇಘನಾಳ ಮಂಡಿ ಮುಟ್ಟಿತು, ನಾಲ್ಕನೆಯ ವಾರ ಬಡಾವಣೆಯ ಸಂಘದಿಂದ ಹುಲ್ಲು ಕತ್ತರಿಸಿ ಎಂಬ ಕಾಗದ ಬಂತು. ಅಪಾರ್ಟ್‌ಮೆಂಟಿನಲ್ಲಿದ್ದ ನಮಗೆ ಹುಲ್ಲು ಕತ್ತರಿಸುವ ಯಂತ್ರ ಎಲ್ಲಿಂದ ಬರಬೇಕು? ಮರುದಿನ ಬೆಳಿಗ್ಗೆ ಗ್ಯಾರೇಜ್ ಬಾಗಿಲು ತೆಗೆದರೆ ಎದುರಿಗೇ ಒಂದು ಹಳೆಯ ಮೋವರ್ ನಿಂತಿದೆ. ಮಿಸ್ ಲಿಂಡಾ ಅದರ ಹಿಡಿಯನ್ನು ಒರೆಸಿ, ಅದಕ್ಕೊಂದು ಸ್ಯಾನಿಟೈಸರ್ ಬಾಟಲಿ ಕಟ್ಟಿ, ಎಷ್ಟು ದಿನ ಬೇಕಾದರೂ ಬಳಸಿ ಎಂದು ಚೀಟಿ ಬರೆದಿಟ್ಟಿದ್ದರು. ಆ ಮೋವರ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಅವರ ಗಂಡ ವಾಲ್ಟರ್ ಅವರದ್ದೆಂದು ನನಗೆ ಆಮೇಲೆ ತಿಳಿಯಿತು.

ಅವರು ಎಷ್ಟು ದಿನ ಬೇಕಾದರೂ ಎಂದು ಬರೆದದ್ದನ್ನು ನಾನು ಅಕ್ಷರಶಃ ತೆಗೆದುಕೊಂಡೆ. ಪ್ರತಿ ವಸಂತದಲ್ಲೂ ಸುಮಾ, "ರೀ, ಈ ವರ್ಷನಾದ್ರೂ ನಮ್ದೇ ಒಂದು ತಗೊಳ್ಳಿ, ನಾಚಿಕೆ ಆಗುತ್ತೆ" ಎನ್ನುತ್ತಿದ್ದಳು. ನಾನು ಆಗಲಿ ಎನ್ನುತ್ತಿದ್ದೆ. ಹೀಗೆ ನಾಲ್ಕು ಬೇಸಿಗೆ ಕಳೆದವು. ಐದನೆಯ ಬೇಸಿಗೆಯ ಶುರುವಿನಲ್ಲಿ ಮಿಸ್ ಲಿಂಡಾ ಬೇಲಿಯ ಹತ್ತಿರ ಕರೆದು, ಮನೆ ಮಾರಿದ್ದೇನೆ, ದೂರದ ಶಾರ್ಲೆಟ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇನೆ, ಶನಿವಾರ ಅವನು ಟ್ರಕ್ ತರುತ್ತಾನೆ ಎಂದರು. ಸೋಫಾ, ಊಟದ ಮೇಜು, ಮಂಚ ಎಲ್ಲವನ್ನೂ ಯಾರು ಯಾರಿಗೋ ಕೊಟ್ಟುಬಿಟ್ಟಿದ್ದರು. ವಾಲ್ಟರನ ಮೋವರ್ ಮಾತ್ರ ನನ್ನ ಜೊತೆ ಬರುತ್ತದೆ, ಶನಿವಾರ ಬೆಳಿಗ್ಗೆ ತಂದುಕೊಡುತ್ತೀರಾ ಎಂದು ಕೇಳಿದರು. ಅವರೇನೋ ಸಹಜವಾಗಿಯೇ ಕೇಳಿದ್ದು. ನಾನು ತಲೆ ತಗ್ಗಿಸಿ ಆಗಲಿ ಎಂದೆ.

ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ನಾಲ್ಕು ವರ್ಷ ಬಿಟ್ಟಿ ಬಳಸಿದ್ದಕ್ಕೆ ಕನಿಷ್ಠ ಹೊಸ ಎಣ್ಣೆ ಹಾಕಿ ಹಿಂದಿರುಗಿಸೋಣ ಎನ್ನಿಸಿತು. ಗುರುವಾರ ಮಧ್ಯಾಹ್ನ ಆಫೀಸಿನ ಎರಡು ಮೀಟಿಂಗ್‌ಗಳ ನಡುವೆ ಒಂದು ಬಾಟಲಿ ಎಂಜಿನ್ ಆಯಿಲ್ ತಂದೆ. ಹಳೆಯ ಎಣ್ಣೆಯನ್ನು ಎಲ್ಲಿಂದ ಇಳಿಸುವುದು ಎಂದು ಯಂತ್ರದ ಅಡಿಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಇರುವುದರ ಮೇಲೆಯೇ ಹೊಸದನ್ನು ಹಾಕಿದರಾಯಿತು ಅಂದುಕೊಂಡೆ. ಎಷ್ಟು ಹಾಕಬೇಕು ಎಂಬ ಪ್ರಶ್ನೆ ಬಂದಾಗ ನನ್ನ ನೆರವಿಗೆ ಬಂದದ್ದು ನಮ್ಮಮ್ಮ ಉಪ್ಪಿನಕಾಯಿ ಹಾಕುವಾಗ ಹೇಳುತ್ತಿದ್ದ ಮಾತು. "ಎಣ್ಣೆ ಮೇಲೆ ನಿಂತಿರ್ಬೇಕು ಕಣೋ, ಕೈ ಬಿಗಿ ಮಾಡಿದ್ರೆ ಬೂಷ್ಟು ಬರುತ್ತೆ." ಎಂಜಿನ್ನಿಗೆ ಬೂಷ್ಟು ಬರುವುದಿಲ್ಲ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ. ಕೈ ಬಿಗಿ ಮಾಡದೆ, ಬಾಯಿಯ ತನಕ ಎಣ್ಣೆ ಬಂದು ಮಿರಮಿರ ಮಿಂಚುವವರೆಗೆ ಸುರಿದೆ.

ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ. ಮೋವರ್ ಎರಡು ಸಲ ಕೆಮ್ಮಿತು. ಆಮೇಲೆ ಅದರಿಂದ ಹೊರಟ ಬಿಳಿ ಹೊಗೆ ಗ್ಯಾರೇಜಿನ ಮುಂದಿನ ನಮ್ಮ ಡ್ರೈವ್‌ವೇ ದಾಟಿ, ರಸ್ತೆ ದಾಟಿ, ಎದುರು ಮನೆಯವರ ನಾಯಿಯನ್ನೂ ಬಿಡಲಿಲ್ಲ. ಹೊಗೆಯ ಜೊತೆಗೇ ಎಂಜಿನ್ ನಿಂತುಹೋಯಿತು. ಗಾಬರಿಯಲ್ಲಿ ಹೆಚ್ಚಿನ ಎಣ್ಣೆ ಚೆಲ್ಲೋಣ ಎಂದು ಯಂತ್ರವನ್ನು ಒಂದು ಪಕ್ಕಕ್ಕೆ ವಾಲಿಸಿದೆ. ಅದು ವಾಲಿಸಬಾರದ ಪಕ್ಕವಾಗಿತ್ತು. ಅರ್ಧ ಎಣ್ಣೆ ಗಾಳಿ ಸೋಸುವ ಸ್ಪಂಜಿನೊಳಗೆ ಹೋಯಿತು, ಇನ್ನಷ್ಟು ಡ್ರೈವ್‌ವೇ ಮೇಲೆ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಮೇಘನಾ, "ಅಪ್ಪಾ, ಇದು ವಾಲ್ಟರ್ ಅಂಕಲ್‌ದು ಅಲ್ವಾ? ಯೂ ಬ್ರೋಕ್ ಇಟ್?" ಎಂದಳು. ಎಣ್ಣೆ ಹೀರುವ ಪಂಪು ಆನ್‌ಲೈನಿನಲ್ಲಿ ಸಿಗುತ್ತಿತ್ತು, ಆದರೆ ಅದು ಮನೆ ತಲುಪುವುದು ಸೋಮವಾರ. ಆ ಮಹಾತಾಯಿಯ ಮುಂದೆ ಶನಿವಾರ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಎಣ್ಣೆಗೈಯಲ್ಲೇ ತಲೆ ಹಿಡಿದುಕೊಂಡು ಕೂತೆ.

ಅಷ್ಟು ಹೊತ್ತಿಗೆ ಮೊಮ್ಮಗುವನ್ನು ಸ್ಟ್ರೋಲರ್‌ನಲ್ಲಿ ತಳ್ಳಿಕೊಂಡು ಶ್ರೀಕಂಠಯ್ಯ ಅಂಕಲ್ ಬಂದರು. ನಮ್ಮ ಬೀದಿಯ ಶ್ರುತಿಯ ತಂದೆ, ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದವರು. ಮೈಸೂರಿನ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದರು. ಇಲ್ಲಿ ಶ್ರುತಿ ಅವರಿಗೆ ಸ್ಟ್ರೋಲರ್ ಬಿಟ್ಟು ಬೇರೆ ಯಾವ ಚಕ್ರವನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಡಿಶ್‌ವಾಷರ್ ಕೆಟ್ಟಾಗ ಪಾನಾ ಕೇಳಿದ್ದಕ್ಕೆ, "ಅಪ್ಪಾ, ನೀವು ರೆಸ್ಟ್ ತಗೊಳ್ಳಿ, ವಾರಂಟಿ ಇದೆ" ಎಂದಿದ್ದಳಂತೆ. ಅವರು ಅದನ್ನು ನನ್ನ ಹತ್ತಿರ ಮೂರು ಸಲ ಹೇಳಿಕೊಂಡಿದ್ದರು. ಈಗ ಹೊಗೆಯ ವಾಸನೆ ಬಡಿದದ್ದೇ ಅವರ ನಡಿಗೆಯೇ ಬದಲಾಯಿತು. ಮಗುವನ್ನು, ಹೊಗೆ ಕಂಡು ಹೊರಗೆ ಬಂದಿದ್ದ ಸುಮಾಳ ಕೈಗೆ ಕೊಟ್ಟು ಮೋವರ್ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಎಷ್ಟು ಹಾಕಿದ್ರಿ?"

"ಒಂದು ಬಾಟ್ಲಿ ಪೂರ್ತಿ, ಅಂಕಲ್."

"ಒಳಗೆ ಇದ್ದದ್ದು?"

"ಅದೂ ಇದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನನ್ನು ಒಂದು ಸಲ ನೋಡಿ, "ನೀವು ಓದ್ದೋರು, ನಿಮ್ದೇನು ತಪ್ಪಿಲ್ಲ ಬಿಡಿ" ಎಂದರು. ಅಡಿಯಲ್ಲಿ ಬಿರಡೆ ಇಲ್ಲದ ಯಂತ್ರದಿಂದ ಎಣ್ಣೆಯನ್ನು ಮೇಲಿನಿಂದಲೇ ಎಳೆಯಬೇಕಂತೆ. ಡಿಪೋದಲ್ಲಿ ಅದಕ್ಕೆ ಅವರೇ ಒಂದು ಸಾಧನ ಮಾಡಿಕೊಂಡಿದ್ದರಂತೆ. "ಒಂದು ಬಾಟ್ಲಿ, ಎರಡು ನಳಿಗೆ, ಒಂದು ಸೈಕಲ್ ಪಂಪು. ಅಷ್ಟಿದ್ರೆ ಸಾಕು. ಬಾಟ್ಲೀಲಿರೋ ಗಾಳಿ ಎಳೆದ್ರೆ, ಆ ಜಾಗಕ್ಕೆ ಎಣ್ಣೆ ತಾನಾಗೇ ಓಡಿ ಬರುತ್ತೆ" ಎಂದರು.

ಸೈಕಲ್ ಪಂಪು ಮೇಘನಾಳದ್ದು ಇತ್ತು. ಅಂಕಲ್ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ, ಒಳಗಿನ ಬಟ್ಟಲಿನಂಥ ವಾಷರನ್ನು ತಿರುಗಿಸಿ ಕೂರಿಸಿದರು, ಕೆಳಗಿನ ವಾಲ್ವನ್ನೂ ಉಲ್ಟಾ ಮಾಡಿದರು. ಗಾಳಿ ತುಂಬುತ್ತಿದ್ದ ಪಂಪು ಗಾಳಿ ಹೀರತೊಡಗಿತು. ಎಲ್ಲ ಮುಗಿದ ಮೇಲೆ ಅವರ ಕೈಯಲ್ಲಿ ಒಂದು ಸ್ಕ್ರೂ ಕೂಡ ಮಿಕ್ಕಿರಲಿಲ್ಲ, ಅದನ್ನು ನಾನು ವಿಶೇಷವಾಗಿ ಗಮನಿಸಿದೆ. ನಾನು ಅಂಗಡಿಗೆ ಓಡಿ ಪಾರದರ್ಶಕ ನಳಿಗೆ ತಂದೆ. ಬಾಟಲಿಯ ಬದಲು ಪೀನಟ್ ಬಟರಿನ ಖಾಲಿ ಡಬ್ಬಿ ಕೊಟ್ಟೆ. ಮುಚ್ಚಳಕ್ಕೆ ಎರಡು ತೂತು ಕೊರೆದು, ನಳಿಗೆ ತೂರಿಸಿ, ಅಂಕಲ್ ಎರಡು ಸಲ ಪಂಪು ಎಳೆದದ್ದೇ ತಡ, ಆ ಪ್ಲಾಸ್ಟಿಕ್ ಡಬ್ಬಿ ಲಟಕ್ಕೆಂದು ಒಳಕ್ಕೆ ಮುದುಡಿಕೊಂಡಿತು. "ಇದು ತಡೆಯಲ್ಲ. ಗಾಜಿಂದು ಬೇಕು, ದಪ್ಪ ಗಾಜು" ಎಂದರು.

ನಮ್ಮ ಮನೆಯಲ್ಲಿ ದಪ್ಪ ಗಾಜಿನದು, ತಗಡಿನ ಮುಚ್ಚಳದ್ದು ಒಂದೇ ಒಂದಿತ್ತು. ಅದು ಅತ್ತೆಯವರು ಮಾವಿನಕಾಯಿ ಉಪ್ಪಿನಕಾಯಿ ತುಂಬಿ, ಮೂರು ಸೀರೆ ಸುತ್ತಿ ಸೂಟ್‌ಕೇಸಿನಲ್ಲಿ ಕಳಿಸಿದ್ದ ಬಾಟಲಿ. ಸುಮಾ ನನ್ನ ಕಣ್ಣು ಎತ್ತ ಹೋಯಿತೆಂದು ನೋಡಿದಳು.

"ರೀ, ಅದೊಂದು ಮಾತ್ರ ಕೇಳ್ಬೇಡಿ."

"ಮಿಸ್ ಲಿಂಡಾಗೆ ಏನು ಹೇಳ್ಲಿ ಹಾಗಾದ್ರೆ?"

ಮೇಘನಾಗೆ ಜ್ವರ ಬಂದಾಗ ಬಾಗಿಲಲ್ಲಿ ಸೂಪು ಇಟ್ಟು ಹೋದವರು ಮಿಸ್ ಲಿಂಡಾ. ಸುಮಾ ಡ್ರೈವಿಂಗ್ ಕಲಿಯುವಾಗ ಅವರ ಅಂಚೆಪೆಟ್ಟಿಗೆಗೆ ಗುದ್ದಿದರೆ, ಅದು ಹಳೆಯದಾಗಿತ್ತು ಬಿಡಿ ಎಂದವರೂ ಅವರೇ. ಸುಮಾ ಎದ್ದು ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ತೋಡಿದಳು, ಬಾಟಲಿ ತೊಳೆದು ಒರೆಸಿ ಅಂಕಲ್ ಕೈಗೇ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ.

ನಳಿಗೆಯ ಸುತ್ತ ಸಂದು ಮುಚ್ಚಲು ಏನಾದರೂ ಬೇಕಿತ್ತು. ಅಂಕಲ್ ಅತ್ತಿತ್ತ ನೋಡಿ, ರಾತ್ರಿಯ ಚಪಾತಿಗೆ ಕಲಸಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ಕೇಳಿ ಪಡೆದು ಮೆತ್ತಿದರು. ಒಡೆದರೆ ಚೂರು ಹಾರದಿರಲೆಂದು ಬಾಟಲಿಗೆ ಹಳೆಯ ಟವೆಲ್ ಸುತ್ತಿಸಿ, ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಒಂದು ನಳಿಗೆ ಮೋವರಿನ ಎಣ್ಣೆಯ ಬಾಯಿಗಿಳಿಯಿತು, ಇನ್ನೊಂದು ಪಂಪಿಗೆ ಸೇರಿತು. ಅಂಕಲ್ ಎಳೆದರು. ಮೊದಲು ಹಿಟ್ಟು ಸ್ವಲ್ಪ ಒಳಗೆ ಕುಸಿಯಿತು, ಮತ್ತಷ್ಟು ಮೆತ್ತಿದರು. ಮತ್ತೆ ಎಳೆದರು. ನಳಿಗೆಯಲ್ಲಿ ಎಣ್ಣೆ ಮೆಲ್ಲಗೆ ಮೇಲೇರಿ, ಬಾಗಿ, ಉಪ್ಪಿನಕಾಯಿ ಬಾಟಲಿಗೆ ತೊಟ್ಟಿಕ್ಕಿತು. ಆಮೇಲೆ ಧಾರೆಯಾಯಿತು. ಮೇಘನಾ, "ವೋ, ಅಜ್ಜ, ದಟ್ಸ್ ಸೋ ಕೂಲ್" ಎಂದಳು. ಅಂಕಲ್ ಮುಖದಲ್ಲಿ ಆ ಹೊತ್ತು ಕಂಡ ಸಂತೋಷಕ್ಕೆ ನಾನೇ ಕಾರಣ ಎಂದು ಹೇಳಿಕೊಳ್ಳುವ ಹಕ್ಕು ನನಗಿದೆ, ಏಕೆಂದರೆ ಎಣ್ಣೆ ಸುರಿದವನು ನಾನು.

ಗುರುತಿನ ಮಟ್ಟಕ್ಕೆ ಎಣ್ಣೆ ಇಳಿಸಿ, ಸ್ಪಂಜನ್ನು ಪಾತ್ರೆ ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟೆವು. ಶುಕ್ರವಾರ ಸಂಜೆ ಅಂಕಲ್ ಹಗ್ಗ ಎಳೆದರು. ಸ್ವಲ್ಪ ಹೊಗೆ ಬಂತು, ಆಮೇಲೆ ನಾಲ್ಕು ವರ್ಷ ನಾನು ಕೇಳಿದ್ದ ಅದೇ ಸದ್ದು ಕೇಳಿಸಿತು. ನನಗೆ ಅವರ ಕಾಲಿಗೆ ಬೀಳೋಣ ಎನ್ನಿಸಿತು, ಬಿದ್ದೂಬಿಟ್ಟೆ. ಅವರು, "ಅಯ್ಯೋ, ಏಳಿ, ಎಣ್ಣೆ ಇದೆ ಕೆಳಗೆ" ಎಂದರು. ಬಾಟಲಿಯ ಎಣ್ಣೆಯನ್ನು ಹಳೆಯ ಎಣ್ಣೆ ತೆಗೆದುಕೊಳ್ಳುವ ಅಂಗಡಿಗೆ ಒಯ್ದಾಗ ಅಲ್ಲಿನವನು ಮೂಸಿ ನೋಡಿ, ಇದು ಯಾವ ಕಾರಿನದು ಎಂದು ಕೇಳಿದ. ಇಂಗಿನ ವಾಸನೆ ಅಷ್ಟು ಬೇಗ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಕೊಡುವ ಮುಂಚೆ ಮೋವರನ್ನು ಉಜ್ಜಿ ಒರೆಸಿದೆ. ಎಣ್ಣೆಯ ಬಾಯಿಯ ಪಕ್ಕ ವರ್ಷಗಳ ಹುಲ್ಲು, ಜಿಡ್ಡು ಕಟ್ಟಿ ಕಪ್ಪಗಿದ್ದ ಜಾಗದಲ್ಲಿ ಒಂದು ಟೇಪಿನ ಪಟ್ಟಿ ಕಂಡಿತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಕೈಬರಹ. ಅತಿಯಾಗಿ ಎಣ್ಣೆ ತುಂಬಬೇಡಿ, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾಲ್ಕು ವರ್ಷದಲ್ಲಿ ಒಮ್ಮೆ ಒರೆಸಿದ್ದರೆ ಓದಬಹುದಿತ್ತು.

ಮುಚ್ಚಿಡಲು ಮನಸ್ಸು ಬರಲಿಲ್ಲ. ಮಿಸ್ ಲಿಂಡಾ ಎದುರಿಗೆ ನಿಂತು ಹೊಗೆಯಿಂದ ಹಿಡಿದು ಚಪಾತಿ ಹಿಟ್ಟಿನವರೆಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಬಗ್ಗಿ ಆ ಟೇಪನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಅಕ್ಷರಗಳನ್ನು ಸವರಿದರು. ಆಮೇಲೆ ನಗತೊಡಗಿದರು, ನಗುತ್ತಲೇ ಕಣ್ಣೊರೆಸಿಕೊಂಡರು. ಮೋವರ್ ತಂದ ಮೊದಲ ವಾರವೇ ವಾಲ್ಟರ್ ಹೀಗೆಯೇ ಬಾಯಿಮಟ್ಟ ಎಣ್ಣೆ ತುಂಬಿ ಬೀದಿಗೆಲ್ಲ ಹೊಗೆ ಹಾಕಿದ್ದರಂತೆ. ಇದನ್ನು ಬರೆದದ್ದು ಬೇರೆ ಯಾರಿಗೂ ಅಲ್ಲ, ಅವನು ತನಗೆ ತಾನೇ ಬರೆದುಕೊಂಡದ್ದು ಎಂದರು. ಅವನ ಅಕ್ಷರ ಇಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು, ತುಂಬಾ ಥ್ಯಾಂಕ್ಸ್ ಎಂದು ನನ್ನ ಕೈ ಹಿಡಿದರು. ನಾಲ್ಕು ವರ್ಷದ ಋಣ ತೀರಿಸಲು ಹೋದವನಿಗೆ ಅವರೇ ಥ್ಯಾಂಕ್ಸ್ ಹೇಳಿ ಟ್ರಕ್ ಹತ್ತಿದರು. ಸ್ಟೀಲ್ ಡಬ್ಬಿಯ ಉಪ್ಪಿನಕಾಯಿಯಲ್ಲಿ ಅರ್ಧವನ್ನು ಸುಮಾ ಅವರ ಜೊತೆ ಕಳಿಸಿದಳು.

ಅಂಕಲ್ ಆಗಸ್ಟಿನಲ್ಲಿ ಮೈಸೂರಿಗೆ ಹೊರಟರು. ಹೋಗುವ ಮುಂಚೆ ಶ್ರುತಿಯ ಡಿಶ್‌ವಾಷರ್ ಬಿಚ್ಚುವ ಅಪ್ಪಣೆಯೂ ಅವರಿಗೆ ಸಿಕ್ಕಿತ್ತು, ಸುಮಾಳ ಶಿಫಾರಸಿನಿಂದ. ನಾನು ಹೊಸ ಮೋವರ್ ಕೊಂಡೆ. ಕಳೆದ ವಾರ ಮೇಘನಾ ಸೈಕಲ್ ಚಕ್ರ ಮೆತ್ತಗಾಗಿದೆ ಎಂದಳು. ನಾನು ಪಂಪು ತಂದು ಸಿಕ್ಕಿಸಿ ಬೆವರು ಕಿತ್ತುಬರುವಂತೆ ಹೊಡೆದೆ. ಎಷ್ಟು ಹೊಡೆದೆನೋ ಅಷ್ಟೂ ಚಕ್ರ ಇಳಿಯುತ್ತ ಹೋಗಿ, ಕೊನೆಗೆ ನೆಲಕ್ಕೆ ಅಂಟಿತು. ವಾಷರ್ ಇನ್ನೂ ಉಲ್ಟಾ ಇದೆ ಎಂಬುದು ಆಗ ನೆನಪಾಯಿತು. ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ಪಂಪಿನ ವಾಷರ್ ಹೇಗೆ ತಿರುಗಿಸೋದು?"

"ನೀವು ಬಿಚ್ಚೋಕೆ ಹೋಗ್ಬೇಡಿ" ಎಂದರು ಅವರು ಗಾಬರಿಯಿಂದ. "ಏಪ್ರಿಲ್‌ಗೆ ಬರ್ತೀನಲ್ಲ, ನಾನೇ ಮಾಡ್ಕೊಡ್ತೀನಿ."

ಅಂಗಡಿಯಲ್ಲಿ ಹೊಸ ಪಂಪು ಸಿಗುತ್ತದೆ, ನನಗೂ ಗೊತ್ತು. ಆದರೂ ಇದನ್ನು ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಹಾಗೆಯೇ ಇಟ್ಟಿದ್ದೇನೆ. ಮೇಘನಾ ಸೈಕಲ್ ತಳ್ಳಿಕೊಂಡು ಶ್ರುತಿಯ ಮನೆಗೆ ಹೋಗಿ ಗಾಳಿ ತುಂಬಿಸಿಕೊಂಡು ಬರುತ್ತಾಳೆ. ಮುಂದಿನ ವಸಂತದಲ್ಲಿ ಬಂದಾಗ ಬಿಚ್ಚಿ ಸರಿಮಾಡಲು ಅಂಕಲ್‌ಗೆ ನಮ್ಮ ಮನೆಯಲ್ಲಿ ಒಂದಾದರೂ ಕೆಟ್ಟ ಸಾಮಾನು ಇರಬೇಕಲ್ಲ ಎಂದು ಸುಮಾಗೆ ವಿವರಿಸಿದೆ. ಅವಳು ಫೋನ್ ಎಲ್ಲಿದೆ ಎಂದು ನೋಡಿಟ್ಟುಕೊಂಡು, "ಅದಕ್ಕೆ ನೀವು ಏನೂ ಎತ್ತಿಡೋದು ಬೇಡ ರೀ, ನೀವು ಇದ್ದೀರಲ್ಲ" ಎಂದಳು.