ಅರವತ್ತರ ಆರ್ಗನ್ನಿಗೆ ಐವತ್ತರ ಊರಿನಿಂದ

ಮಾನ್ಯ ಆರ್ಗನ್ ಮಹಾಶಯರೇ,

ವಡೋದರಾದ ಆಲ್ಕಾಪುರಿಯ ನಮ್ಮ ಫ್ಲ್ಯಾಟಿನ ಅರ್ಧ ಹಾಲನ್ನು ಆಕ್ರಮಿಸಿ, ಸೋಫಾವನ್ನು ಬಾಲ್ಕನಿಗೆ ಗಡೀಪಾರು ಮಾಡಿ ವಿರಾಜಮಾನರಾಗಿರುವ ತಮಗೆ, ವಿಮಾ ಕಚೇರಿಯ ವರ್ಗಾವಣೆಯಿಂದ ಈ ಊರು ಸೇರಿದ ಮಹೇಶನ ನಮಸ್ಕಾರಗಳು. ತಮ್ಮ ವಯಸ್ಸಿಗೂ ತಮ್ಮನ್ನು ಮಹಡಿ ಹತ್ತಿಸಿದವರ ಸೊಂಟಕ್ಕೂ ಗೌರವ ಸಲ್ಲಿಸಿ ದೂರನ್ನು ಆರಂಭಿಸುತ್ತೇನೆ.

ತಾವು ಅಮೆರಿಕದ ಚರ್ಚೊಂದರಲ್ಲಿ ದುಡಿದು, ಸೂರತ್ತಿನ ಕತಾರ್‌ಗಾಮ್‌ನ ವಜ್ರ ವ್ಯಾಪಾರಿಯೊಬ್ಬರ ಮನೆಯಲ್ಲಿ ವಿಶ್ರಮಿಸಿ ನನ್ನಲ್ಲಿಗೆ ಬಂದವರು. ಅಮೆರಿಕದ ವೋಲ್ಟೇಜ್ ಕಡಿಮೆಯೆಂದು ತಿಳಿದು ಟ್ರಾನ್ಸ್‌ಫಾರ್ಮರ್ ಹಾಕಿಸಿ ನಾನು ಜಾಣನೆಂದು ಬೀಗಿದೆ. ಆದರೆ ತಮ್ಮೊಳಗಿನ ಸ್ವರಚಕ್ರಗಳನ್ನು ತಿರುಗಿಸುವ ಮೋಟಾರಿಗೆ ಮುಖ್ಯವಾದದ್ದು ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದಂತೆ. ಅದು ಅಲ್ಲಿ ಅರವತ್ತು, ಇಲ್ಲಿ ಐವತ್ತು. ಹೀಗಾಗಿ ತಾವು ನುಡಿಯುವುದೆಲ್ಲ ಮೂರು ಸ್ವರಸ್ಥಾನ ಕೆಳಗೆ. ಮೂರು ಕೀ ಮೇಲಕ್ಕೆ ಹಿಡಿಯಬಾರದೇ ಎಂದು ಕೇಳುವವರುಂಟು. ನನ್ನ ಬೆರಳುಗಳು ಬಿಳಿ ಕೀಗಳ ಮೇಲೆ ಮಾತ್ರ ನಡೆಯಬಲ್ಲವು ಎಂಬುದು ತಮ್ಮ ತಪ್ಪಲ್ಲದೆ ಇನ್ನಾರದು?

ಪರಿಣಾಮವನ್ನು ತಾವೇ ಕಣ್ಣಾರೆ ಕಂಡಿದ್ದೀರಿ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಮೊದಲ ಹಾಡು ನನ್ನ ಪತ್ನಿ ನಳಿನಿಯದು. ಈ ವರ್ಷದ ತಾಲೀಮಿನಲ್ಲಿ ತಮ್ಮ ಜೊತೆ ಹಾಡಿದಾಗ ಆಕೆಯ ದನಿ ಬಾವಿಯೊಳಗಿಂದ ಬಂದಂತಿತ್ತು. ಸಂಘದ ಅಧ್ಯಕ್ಷರೂ ಉಡುಪಿ ಹೋಟೆಲಿನ ಮಾಲೀಕರೂ ಆದ ಗಣಪತಿ ಭಟ್ಟರು ಮಾತ್ರ ಜೀವಮಾನದಲ್ಲಿ ಮೊದಲ ಸಲ ಮೇಲಿನ ಷಡ್ಜವನ್ನು ಮುಟ್ಟಿ, ಅಲ್ಲೇ ನಿಂತು, ಸುತ್ತ ನೋಡಿದರು. “ನನ್ನ ಗಂಟಲು ಈಗ ತೆರೆಯಿತು ಮಾರಾಯ್ರೇ” ಎಂದು ಘೋಷಿಸಿದರು. ಅವರ ಹೋಟೆಲಿನ ದೋಸೆ ತಿಂದಿದ್ದ ಕಾರ್ಯಕಾರಿ ಸಮಿತಿ ಮೊದಲ ಹಾಡನ್ನು ಅವರಿಗೇ ಕೊಟ್ಟಿತು. ಆ ರಾತ್ರಿ ನಳಿನಿ, “ಈ ಪೆಟ್ಟಿಗೆ ಇರ್ಲಿ, ಇಲ್ಲಾ ನನ್ನ ಹಾಡು ಇರ್ಲಿ. ರಾಜ್ಯೋತ್ಸವ ಮುಗಿಯೋದ್ರೊಳಗೆ ನೀವೇ ನೋಡ್ಕೊಳ್ಳಿ” ಎಂದಳು.

ಕಾರ್ಯಕ್ರಮದ ದಿನ ತಮ್ಮನ್ನು ಸಭಾಂಗಣಕ್ಕೆ ಹೊತ್ತೊಯ್ದರು. ಭಟ್ಟರು ಪಲ್ಲವಿ ಎತ್ತುವ ಮೊದಲೇ ಕರೆಂಟು ಹೋಯಿತು. ಅವರದೇ ಹೋಟೆಲಿನ ಹಳೆಯ ಜನರೇಟರ್ ಬಂತು, ಹಾಡು ಶುರುವಾಯಿತು. ಚರಣದ ಹೊತ್ತಿಗೆ ತನ್ನ ಮುಖದ ಮೇಲೆ ಬಿದ್ದ ದೀಪ ಮಂಕಾಯಿತೆಂದು ಭಟ್ಟರು ಹಾಡಿನ ನಡುವೆಯೇ ಕೈಬೀಸಿ, “ಭಾಯ್, ಥೋಡು ವಧಾರೋ!” ಎಂದು ಕೂಗಿದರು. ಜನರೇಟರಿನವನು ಧಾರಾಳಿ, ಸ್ವಲ್ಪ ಹೆಚ್ಚಿಸು ಎಂದರೆ ಪೂರ್ತಿ ಹೆಚ್ಚಿಸಿದ. ಯಂತ್ರದ ಓಟ ಹೆಚ್ಚಿದಂತೆ ಕರೆಂಟಿನ ಮಿಡಿತವೂ ಐವತ್ತು ದಾಟಿ ಅರವತ್ತಕ್ಕೆ ಏರಿತು. ತಾವು ಹುಟ್ಟೂರಿನ ಗಾಳಿ ಕುಡಿದವರಂತೆ ಮೇಲೇರಿದಿರಿ, ಏರುತ್ತಲೇ ಹೋದಿರಿ. ಭಟ್ಟರು ಷಡ್ಜದ ಬಾಗಿಲಲ್ಲಿ ಬಾಯಿ ತೆರೆದೇ ನಿಂತರು. ಎರಡನೆಯ ಸಾಲಿನಿಂದ ನಳಿನಿ ಎದ್ದು, ಅವರು ಬಿಟ್ಟ ಅಕ್ಷರದಿಂದಲೇ ಹಾಡು ಎತ್ತಿಕೊಂಡು ಮುಗಿಸಿದಳು. ಸಭೆ ಎದ್ದು ನಿಂತಿತು.

ಇಂಥ ಕಂಠವನ್ನು ಇಷ್ಟು ತಿಂಗಳು ಬಚ್ಚಿಟ್ಟದ್ದೇ ನನ್ನ ದೂರು. ಈಗ ತಮ್ಮನ್ನು ಮಾರಿದರೆ ಮನೆಗೆ ಬರಬೇಡಿ ಎನ್ನುತ್ತಾಳೆ ನಳಿನಿ, ಅಭ್ಯಾಸಕ್ಕೆ ಮಾತ್ರ ಡೀಸೆಲ್ ಬೇಕು. ಬಾಲ್ಕನಿಯಲ್ಲಿ ಬಾಡಿಗೆಗೆ ತಂದಿಟ್ಟ ಜನರೇಟರಿನ ಹೊಗೆಗೆ ಪಕ್ಕದ ಮನೆಯ ಪೂರ್ವಿಬೆನ್ ಕೆಮ್ಮುತ್ತಾರೆ. ಆದ್ದರಿಂದ ಇಡೀ ಪಶ್ಚಿಮ ಭಾರತದ ವಿದ್ಯುತ್ ಸ್ಥಾವರಗಳು ದಿನಕ್ಕೊಂದು ಗಂಟೆಯಾದರೂ ಅರವತ್ತರಲ್ಲಿ ತಿರುಗುವಂತೆ ತಾವೇ ಶಿಫಾರಸು ಮಾಡಬೇಕಾಗಿ, ಅದಾಗದಿದ್ದರೆ ಕೊಂಚ ದೇಹ ಇಳಿಸಿ ಸೋಫಾಕ್ಕಾದರೂ ಮರುಪ್ರವೇಶ ಕೊಡಬೇಕಾಗಿ ಪ್ರಾರ್ಥನೆ.

ಮೂರು ಸ್ವರ ಕುಗ್ಗಿದರೂ ವಿಶ್ವಾಸ ಕುಗ್ಗದ
ತಮ್ಮ ವಿಶ್ವಾಸಿ,
ಮಹೇಶ್

ತಾ.ಕ.: ಭಟ್ಟರು ಜನರೇಟರನ್ನು ಗುಜರಿಗೆ ಹಾಕಿ, ಸಂಘಕ್ಕೆ ಉದಾರವಾಗಿ ಒಂದು ದೊಡ್ಡ ಇನ್ವರ್ಟರ್ ದಾನ ಮಾಡಿದ್ದಾರೆ. ಅದು ಐವತ್ತನ್ನು ಕೂದಲೆಳೆಯಷ್ಟೂ ಮೀರುವುದಿಲ್ಲವಂತೆ. ಸುದ್ದಿ ಬಂದ ಸಂಜೆಯಿಂದ ನಳಿನಿ ನನ್ನ ಪಕ್ಕ ಸ್ಕೇಲು ಹಿಡಿದು ಕೂತು, ಮೂರು ಕೀ ಮೇಲಕ್ಕೆ ಹಿಡಿಯಲು ಬೇಕಾದ ಕಪ್ಪು ಕೀಗಳನ್ನು ಕಲಿಸುತ್ತಿದ್ದಾಳೆ. ಮುಂದಿನ ರಾಜ್ಯೋತ್ಸವದವರೆಗೆ ಈ ವಿಷಯ ಭಟ್ಟರಿಗೆ ತಿಳಿಯಬಾರದೆಂದು ಆಕೆಯ ಅಪ್ಪಣೆ. ಅದಕ್ಕೇ ಅವರು ಓದುವುದಿಲ್ಲವೆಂಬ ಭರವಸೆಯಿಂದ ಈ ಪತ್ರವನ್ನು ಸಂಘದ ಪತ್ರಿಕೆಗೆ ಕಳಿಸುತ್ತಿದ್ದೇನೆ. ಅವರೇ ಅದರ ಸಂಪಾದಕರು.