ಕುಂತು ಕೇಳುವ ಬ್ಯಾಂಡು

ಶಹಾಬಾದದ ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಡ್ರಮ್ಮು ಬಾರಿಸಿದವನು ನಾನು. ಜನ ನಮ್ಮನ್ನು ಕೇಳಿ ಕುಣಿಯುತ್ತಿದ್ದರು, ನಾವು ಅವರ ಕುಣಿತ ನೋಡಿ ನಗುತ್ತಿದ್ದೆವು; ನಗುವಿಗೆ ಒಂದು ದಿನವೂ ರಜೆ ಇರಲಿಲ್ಲ. ಆದರೆ ನಮ್ಮ ಉಸ್ತಾದರು ಕ್ಯಾಸೆಟ್ ಮಾಡಲು ಹೊರಟ ವರ್ಷ ಅದು ವಿಪರೀತಕ್ಕೇ ಹೋಯಿತು. ಟ್ರಂಪೆಟ್ ಊದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೂ ಅವರಿಗೊಂದು ಕೊರಗು: "ಎಲ್ಲಾರೂ ಕುಣದಾರ, ಒಬ್ಬರೂ ಕೇಳಿಲ್ಲ. ಸಾಯೂದರಾಗ ಒಮ್ಮೆ ನಾಕು ಮಂದಿ ಕುಂತು ನನ್ನ ಟ್ರಂಪೆಟ್ ಕೇಳಬೇಕು ನೋಡು."

೧. ದಾರಿ ಬಿಡುವ ಹಾಡು

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಗಾರ್ಡ್ ಸಾಹೇಬರ ಮನೆಯಲ್ಲಿ ಉಸ್ತಾದರು ಗ್ರಾಮಫೋನಿನ ಮೇಲೆ ಜಾಝ್ ಪ್ಲೇಟು ಕೇಳಿ ಹುಚ್ಚಾಗಿದ್ದರು. ವಚನದ ಧಾಟಿ, ಖವ್ವಾಲಿ, ಚಿಂಚೋಳಿ ಕಡೆಯ ತೆಲುಗು ಪದ, ಎಲ್ಲವನ್ನೂ ಜಾಝಿನೊಳಗೆ ಕಲಸಬೇಕೆಂದರು.

"ಜಾಝ್ ಅಂದ್ರ ಏನ್ರಿ ಉಸ್ತಾದ್?" ಎಂದೆ. ನನಗೆ ಕುತೂಹಲ ತಡೆಯಲಾಗಲಿಲ್ಲ.

"ಒಂದು ಹಾಡು ಹಿಡದು ಹೊಂಟಿರ್ತೀ. ನಡುವ ದಾರಿ ಬಿಟ್ಟು, ಮನಸಿಗೆ ಬಂದ ಕಡೆ ತಿರಗಾಡಿ, ಕಡೀಕ ಮತ್ತ ಅದೇ ಹಾಡಿಗೆ ಬರೂದು."

ನಮ್ಮ ಕ್ಲಾರಿನೆಟ್ಟಿನವನು ಕಾಳಗಿಯವನು. ಅವನ ಮುಖ ಅರಳಿತು. "ಹಂಗಂದ್ರ ನಮ್ಮೂರ ಬಸ್ಸು ರೀ! ಆದ್ರ ಅದು ಕಡೀಕ ಬರೂದು ಗ್ಯಾರಂಟಿ ಇಲ್ಲ."

೨. ಕಾಣದ ಕಲಾವಿದ

ಗದ್ದಲಕ್ಕೆ ಓಣಿಯವರು ಬೈದದ್ದರಿಂದ ನಮ್ಮ ತಾಲೀಮು, ಕಲ್ಲು ಕೊಯ್ಯುವ ಯಾರ್ಡಿಗೆ ಹೋಯಿತು. ರವಿವಾರ ಮಶೀನು ಬಂದ್. ಸುತ್ತ ನಿಲ್ಲಿಸಿಟ್ಟ ಫರಸಿ ಕಲ್ಲಿನ ಚಪ್ಪಡಿಗಳು. ಊದಿದ್ದೆಲ್ಲ ಕಲ್ಲಿಗೆ ಬಡಿದು ವಾಪಸ್ ಬರುತ್ತಿತ್ತು.

ಕ್ಲಾರಿನೆಟ್ಟಿನವನು ಗಾಬರಿಯಾದ. "ಆ ಕಡೆ ಯಾರ್ರಿ ಊದ್ಲಿಕತ್ತಾರ?"

"ಯಾರರ ಇರಲಿ," ಎಂದರು ಉಸ್ತಾದರು. "ನಿನಗಿಂತ ಛಲೋ ಊದ್ಲಿಕತ್ತಾನ. ಕೇಳಿ ಕಲಿ."

೩. ಮೈಕಿನ ಮೆರವಣಿಗೆ

ಹೈದರಾಬಾದಿನ ಸ್ಟುಡಿಯೋದಲ್ಲಿ ಉಸ್ತಾದರು ಮೈಕಿನ ಮುಂದೆ ನಿಂತು ಊದತೊಡಗಿದರು. ಎರಡನೇ ಸಾಲಿಗೆ ಊದುತ್ತಲೇ ಮೈಕು ಬಿಟ್ಟು ನಡೆದೇಬಿಟ್ಟರು! ಜೀವನವಿಡೀ ಮೆರವಣಿಗೆಯಲ್ಲಿ ಊದಿದ ಮನುಷ್ಯ. ಕಾಲು ನಿಂತರೆ ಸ್ವರವೂ ನಿಲ್ಲುತ್ತಿತ್ತು. ಹೀಗೇ ಮಧ್ಯಾಹ್ನವಾಯಿತು. ಸಂಜೆಗೆ ಸ್ಟುಡಿಯೋ ಬಿಟ್ಟುಕೊಡಬೇಕು. ಉಸ್ತಾದರ ಕಣ್ಣಲ್ಲಿ ನೀರು ಕಂಡು ನನಗೂ ಸಂಕಟವಾಯಿತು.

ರೆಕಾರ್ಡಿಂಗ್ ಮಾಡುವವರು ಸೇಡಂನಿಂದ ಹೋಗಿ ಅಲ್ಲಿ ನೆಲೆಸಿದವರು. ಕೊನೆಗೆ ಅವರೇ ಮೈಕು ಕೈಯಲ್ಲಿ ಹಿಡಿದು, ವೈರು ಎಳೆದುಕೊಂಡು, ಉಸ್ತಾದರ ಮುಂದೆ ಹಿಂದುಹಿಂದಕ್ಕೆ ನಡೆಯತೊಡಗಿದರು. ಕೋಣೆಯಲ್ಲಿ ಸುತ್ತಿನ ಮೇಲೆ ಸುತ್ತು. ನಾಲ್ಕನೇ ಸುತ್ತಿಗೆ ಅವರ ಸೊಂಟವೂ ಕುಣಿಯುತ್ತಿತ್ತು. ಹಾಡು ಮುಗಿದಾಗ ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಉಸ್ತಾದ್, ಬೀಗರು ಊಟ ಎಲ್ಲಿ ಇಟ್ಟಾರ್ರಿ?"

೪. ಕುಂತವರು ಒಬ್ಬರೇ

ಕ್ಯಾಸೆಟ್ ಬಂದ ದಿನ ಶಹಾಬಾದದ ಒಂದು ಚಹಾ ಹೋಟೆಲಿನ ಟೇಪ್ ರೆಕಾರ್ಡರಿನಲ್ಲಿ ಹಚ್ಚಿಸಿದೆವು. ಕುರ್ಚಿಗಳೆಲ್ಲ ಭರ್ತಿ. ಉಸ್ತಾದರು ಹೊಸ ಟೊಪ್ಪಿಗೆ ಹಾಕಿಕೊಂಡು ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಟ್ರಂಪೆಟ್ ಮೊಳಗಿದ್ದೇ ತಡ, ಮಂದಿಯೆಲ್ಲ ಚಹಾ ಕೆಳಗಿಟ್ಟು ಎದ್ದರು!

"ಮೆರವಣಿಗಿ ಬಂತು! ಮದುಮಗ ಯಾರು ನೋಡಮು ನಡೀರಿ!"

ಎಲ್ಲರೂ ರಸ್ತೆಗೆ ಓಡಿದರು. ಮೆರವಣಿಗೆ ಕಾಣದ್ದಕ್ಕೆ ಹುಡುಕುತ್ತ ಸ್ಟೇಷನ್ನಿನವರೆಗೂ ಹೋದರು. ಹೋಟೆಲಿನ ಮಾಲೀಕನೂ ಅವರ ಹಿಂದೆಯೇ ಹೋದ. ಉಸ್ತಾದರ ಮುಖ ಸಣ್ಣದಾಯಿತು.

ಆಗ ನೋಡಿದರೆ, ಹಿಂದಿನ ಬೆಂಚಿನ ಮೇಲೆ ಒಬ್ಬ ಅಜ್ಜ ಅಲುಗದೆ ಕುಂತಿದ್ದಾರೆ! ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಮುಗಿಯಿತು. ಅಜ್ಜ ಅಲ್ಲೇ. ಉಸ್ತಾದರು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

"ಅಜ್ಜಾರ, ನೀವೊಬ್ಬರರ ಕುಂತು ಕೇಳಿದ್ರಿ. ನನ್ನ ಜನ್ಮ ಸಾರ್ಥಕ ಆಯ್ತರಿ!"

"ಮೊಣಕಾಲ ಹಿಡದಾವಪ್ಪಾ, ಏಳ್ಲಿಕ್ಕ ಆಗಂಗಿಲ್ಲ," ಎಂದರು ಅಜ್ಜ. "ಮದುಮಗ ಯಾರಂತ?"