ಕಣ್ಣಿಗೆ ವಿಭೂತಿ

ವಳಕಮದಿನ್ನಿಯ ಅಮರಗುಂಡಪ್ಪನವರ ಮನೆಗೆ ಹೊಸದಾಗಿ ಏನೇ ಬರಲಿ, ವಿಭೂತಿ ಹಚ್ಚಿಸಿಕೊಳ್ಳದೆ ಅದು ಬಳಕೆಗೆ ಇಳಿಯುವಂತಿರಲಿಲ್ಲ. ಟ್ರ್ಯಾಕ್ಟರ್ ಬಂದಾಗ ಬಾನೆಟ್ಟಿಗೆ ಬಿತ್ತು, ಮಿಕ್ಸರ್ ಬಂದಾಗ ಅದರ ಜಾರ್‌ಗೆ ಬಿತ್ತು. ಹೋದ ವರ್ಷ ಅಳಿಯ ಹೊಸ ಕನ್ನಡಕ ಹಾಕಿಕೊಂಡು ಬಂದರೆ ಅದರ ಗಾಜಿಗೂ ಮೂರು ಬೆರಳು ಎಳೆದುಬಿಟ್ಟಿದ್ದರು. ಪಾಪ, ಅವನು ಕಣ್ಣು ಕಾಣದೆ ಹೊಸಿಲು ಎಡವಿ ಮಾವನ ಕಾಲಿಗೇ ಬಿದ್ದ. ಅಳಿಯ ಬಲು ವಿನಯವಂತ ಎಂದು ಊರೆಲ್ಲ ಹೊಗಳಿತು. ಇಂಥ ಮನೆಗೆ ಫೈಬರ್ ಕೇಬಲ್ ಹಾಕಲು ಬಂದವನು ನಮ್ಮ ಸಂಗನಬಸವ.

ಅವತ್ತು ಅವನ ಪರೀಕ್ಷೆ. ಸಿಂಧನೂರಿನ ಕೇಬಲ್ ಆಫೀಸಿನಲ್ಲಿ ವಾಸಿಂ ಸಾಹೇಬರ ಕೈಕೆಳಗೆ ಮಳೆಗಾಲದಿಂದ ಕೆಲಸ ಕಲಿಯುತ್ತಿದ್ದ. ಮಸ್ಕಿ ರಸ್ತೆಯ ಕಂಬಗಳನ್ನೆಲ್ಲ ಹತ್ತಿ ಇಳಿದಿದ್ದ. ಕೇಬಲ್ಲಿನ ಒಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರ ಸಿಪ್ಪೆ ಸುಲಿಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ನೆಟ್ಟಗೆ ಕತ್ತರಿಸಿ ಯಂತ್ರದಲ್ಲಿಟ್ಟು ಬೆಸೆಯಬೇಕು, ತುದಿಗೆ ಮೀಟರ್ ಹಚ್ಚಿ ಬೆಳಕು ಎಷ್ಟು ಬಂತೆಂದು ಅಳೆಯಬೇಕು. ಅದನ್ನೆಲ್ಲ ಇವತ್ತು ಒಬ್ಬನೇ ಮಾಡಿ, ಸಂಜೆ ಸಾಹೇಬರು ಬರುವುದರೊಳಗೆ ಮುಗಿಸಬೇಕಿತ್ತು.

ಪಾಸಾದರೆ ಲಿಂಗಸುಗೂರಿನಲ್ಲಿ ಖಾಲಿ ಇದ್ದ ಒಂದೇ ಒಂದು ಜಾಗ ಅವನದು. ಅಲ್ಲಿಂದ ಹಟ್ಟಿ ಹತ್ತಿರ. ಹಟ್ಟಿಯ ಚಿನ್ನದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ ಅವನ ಅವ್ವ ಯಮನಮ್ಮ, ಅವ್ವನ ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿ. ಸಿಂಧನೂರಿನ ರೂಮಿನಲ್ಲಿ ಅವನು ತಾನೇ ಬೇಯಿಸುವ ಅನ್ನ ಒಂದು ದಿನ ಗಂಜಿಯಾಗುತ್ತಿತ್ತು, ಇನ್ನೊಂದು ದಿನ ಇದ್ದಿಲಾಗುತ್ತಿತ್ತು. ಆದರೆ ಜೊತೆಗೆ ಕಲಿಯುವ ಲಕ್ಷ್ಮಣನಿಗೂ ಅದೇ ಜಾಗದ ಮೇಲೆ ಕಣ್ಣು. ಅವನಿಗೆ ಅವತ್ತೇ ಬಳಗಾನೂರಿನಲ್ಲಿ ಪರೀಕ್ಷೆ.

"ಕೈಕೆಲಸ ಒಂದ ಸಾಕಾಗಂಗಿಲ್ಲ. ಮಂದಿ ಕೂಡ ಚೊಲೊ ಇರಬೇಕು. ಮನಿಯವರನ್ನ ಕೇಳೇ ನಾ ಫೈಸಲಾ ಮಾಡಾಂವ," ಎಂದು ಸಾಹೇಬರು ಬೆಳಿಗ್ಗೆ ಇಬ್ಬರಿಗೂ ಹೇಳಿ ಕಳಿಸಿದ್ದರು.

ಸಂಗನಬಸವ ಕಂಬದಿಂದ ಕೇಬಲ್ ಎಳೆದು ಒಳಕೋಣೆಗೆ ತಂದ. ಮಿಕ್ಕ ಕೇಬಲ್ಲನ್ನು ಅಗಲವಾಗಿ ಸುತ್ತಿ ಮೂಲೆಯಲ್ಲಿಟ್ಟ. ತುದಿಗೆ ಕನೆಕ್ಟರ್ ಬೆಸೆದು ಮೀಟರ್ ಹಚ್ಚಿದ.

"ಮೈನಸ್ ಹತ್ತೊಂಬತ್ತು!" ಎಂದು ಕುಣಿದ.

"ಬರೇ ಹತ್ತೊಂಬತ್ತೇನೋ ತಮ್ಮಾ?" ಅಮರಗುಂಡಪ್ಪನವರಿಗೆ ಅವನ ಮೇಲೆ ಕನಿಕರ ಹುಟ್ಟಿತು.

"ಇದರಾಗ ಕಡಿಮಿ ಬಂದಷ್ಟೂ ಚೊಲೊರೀ ಯಜಮಾನ್ರೇ. ಮೂವತ್ತು ಬಂತಂದ್ರ ಫೇಲು."

ಹೀಗೆಂದವನೇ ಮೀಟರ್ ಬಿಚ್ಚಿಟ್ಟು ವೈಫೈ ಡಬ್ಬಿ ತರಲು ಬೈಕಿನ ಹತ್ತಿರ ಹೋದ. ಯಜಮಾನರು ಅತ್ತಿತ್ತ ನೋಡಿದರು. ಹೊಸ ಸಾಮಾನು ಬೋಳು ಹಣೆಯಲ್ಲಿ ಕೂತಿತ್ತು. ಕನೆಕ್ಟರಿನ ಬಿಳಿ ತುದಿಗೆ ಭಕ್ತಿಯಿಂದ ವಿಭೂತಿ ಒತ್ತಿ, ಕೈ ಮುಗಿದು ಹೊರಬಂದರು.

ಸಂಗನಬಸವ ಡಬ್ಬಿ ತಂದು, ಮತ್ತೆ ಮೀಟರ್ ಹಚ್ಚಿ ನೋಡಿದರೆ ಮೈನಸ್ ಮೂವತ್ಮೂರು!

"ಏರೇತಲ್ಲೋ!" ಎಂದು ಯಜಮಾನರು ಮೀಸೆ ತಿರುವಿದರು.

ಬೆಸುಗೆಯೇ ಕೆಟ್ಟಿರಬೇಕೆಂದು ಅವನು ತುದಿ ಕತ್ತರಿಸಿ, ಹೊಸ ಕನೆಕ್ಟರ್ ಬೆಸೆದ. ಮತ್ತೆ ಹತ್ತೊಂಬತ್ತು. ಅಷ್ಟರಲ್ಲಿ ಯಜಮಾನರ ಹೆಂಡತಿ ಶೇಖರಮ್ಮ ಚಹಾಕ್ಕೆ ಕರೆದರು. ಇವನು ಚಹಾ ಕುಡಿದು ಬರುವಷ್ಟರಲ್ಲಿ ಯಜಮಾನರು, "ಅಯ್ಯ, ಅಳಿಸಿ ಹೋಗೈತಲ್ಲ," ಎಂದು ಈ ಸಲ ಇನ್ನಷ್ಟು ದಪ್ಪಗೆ ಬಳಿದಿದ್ದರು. ಮೀಟರ್ ಮೂವತ್ತಾರು ತೋರಿಸಿತು.

ಸುದ್ದಿ ಓಣಿಗೆಲ್ಲ ಹಬ್ಬಿ ಪಕ್ಕದ ಮನೆಯ ಪಕೀರಮ್ಮ ಬಂದಳು. ಅವಳ ಬೆನ್ನಿಗೆ ಅರ್ಧ ಓಣಿ ಬಂತು. "ಇದರಾಗ ಬೆಳಕ ಬರತೈತಂತಲ್ಲ, ಎಲ್ಲೈತೋ ಯಪ್ಪಾ?" ಎಂದು ಪಕೀರಮ್ಮ ಕೇಬಲ್ ತುದಿಯನ್ನು ಕಣ್ಣಿಗೇ ಹಿಡಿಯಹೋದಳು.

"ಯಮ್ಮಾ, ಬ್ಯಾಡ್ರೀ! ಅದು ಕಾಣಲಾರದ ಬೆಳಕು. ಕಣ್ಣು ಹೋಗ್ತಾವು!"

"ಕಾಣಲಾರದ್ದು ಬೆಳಕ ಹೆಂಗಾತೋ ಹುಚ್ಚಪ್ಪಾ?"

ಸಂಗನಬಸವ ಬೆವರೊರೆಸಿಕೊಂಡು, ಕೇಬಲ್ ಎಲ್ಲಾದರೂ ಮುರಿದಿದೆಯೋ ಎಂದು ನೋಡಲು ಕೆಂಪು ಬೆಳಕಿನ ಪೆನ್ನು ಹಚ್ಚಿದ. ಎಲ್ಲಿ ಪೆಟ್ಟಾಗಿದೆಯೋ ಅಲ್ಲಿ ಕೆಂಪು ಸೋರುತ್ತದೆ. ಮೂಲೆಯ ಅಕ್ಕಿ ಚೀಲದ ಕೆಳಗೆ ಕೆಂಪಗೆ ಮಿಣಮಿಣ ಎಂದಿತು. ಪಕೀರಮ್ಮ ತಟ್ಟನೆ ಕೈ ಮುಗಿದಳು.

ಚೀಲ ಎತ್ತಿ ನೋಡಿದರೆ, ಅಗಲವಾಗಿ ಸುತ್ತಿಟ್ಟಿದ್ದ ಕೇಬಲ್ ಸೀರೆಯಂತೆ ಮಡಿಕೆಯಾಗಿ, ನಡುವೆ ಗಂಟು ಬಿಗಿಸಿಕೊಂಡು ಮಲಗಿತ್ತು.

"ನೀ ಚಹಾ ಕುಡಿಯೂದ್ರಾಗ ನೋಡಿದೆ, ಅಡ್ಡಾದಿಡ್ಡಿ ಬಿದ್ದಿತ್ತಪ್ಪಾ," ಎಂದರು ಶೇಖರಮ್ಮ ಹೆಮ್ಮೆಯಿಂದ. "ಮಡಚಿ, ಗಂಟ ಹಾಕಿ, ಬಿಚ್ಚಬಾರದಂತ ಮ್ಯಾಲ ಅಕ್ಕಿ ಚೀಲ ಹೇರೀನಿ. ಹೆಂಗೈತಿ?"

ಗಾಜಿನ ಎಳೆ ಒಳಗೇ ನುಚ್ಚಾಗಿತ್ತು. ಸಂಗನಬಸವನಿಗೆ ಅಲ್ಲೇ ಕೂತು ಗೊಳೋ ಎಂದು ಅತ್ತುಬಿಡಬೇಕೆನಿಸಿತು. ಅದಕ್ಕೂ ಮೊದಲು ಒಮ್ಮೆ ಗಂಟಲು ಹರಿಯುವಂತೆ ಕೂಗಬೇಕೆನಿಸಿತು. ಆದರೆ ಸಾಹೇಬರ ಮಾತು ನೆನಪಾಯಿತು, ರೊಟ್ಟಿ ನೆನಪಾಯಿತು. ಸಿಟ್ಟನ್ನು ನುಂಗಿಕೊಂಡ.

"ಚೊಲೊ ಕಟ್ಟೀರಿ ಅವ್ವಾರ," ಎಂದ. "ಇದಕ್ಕ ಸ್ವಲ್ಪ ಸಡಲ ಇದ್ರ ಉಸರಾಡಾಕ ಬರತೈತ್ರೀ."

ಮುರಿದದ್ದನ್ನು ಕತ್ತರಿಸಿದ ಮೇಲೆ ಕೇಬಲ್ ಒಳಕೋಣೆಗೆ ಮುಟ್ಟಲಿಲ್ಲ, ಪಡಸಾಲೆಯ ಗೋಡೆಗೇ ಮುಗಿಯಿತು. ಡಬ್ಬಿಯನ್ನು ಅಲ್ಲೇ ಜಡಿದು ಮತ್ತೆ ಬೆಸೆದ. ಮತ್ತೆ ಹತ್ತೊಂಬತ್ತು! ಇನ್ನೇನು ಕನೆಕ್ಟರನ್ನು ಡಬ್ಬಿಗೆ ಸಿಕ್ಕಿಸಬೇಕು ಎನ್ನುವಷ್ಟರಲ್ಲಿ ಸ್ಕ್ರೂ ಕೆಳಗೆ ಬಿತ್ತೆಂದು ಬಗ್ಗಿದ. ತಲೆ ಎತ್ತಿದರೆ ಕನೆಕ್ಟರಿನ ಹತ್ತಿರ ಬೂದಿ ಮೆತ್ತಿದ ಮೂರು ಬೆರಳು!

ಆಗ ಅವನಿಗೆ ಬೆಳಗಿನಿಂದ ನಡೆದದ್ದೆಲ್ಲ ಒಟ್ಟಿಗೆ ಹೊಳೆಯಿತು. ಯಜಮಾನರ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಇದು ಧೂಳು, ಧೂಳು ಕೂತರೆ ಬೆಳಕು ದಾಟುವುದಿಲ್ಲ ಎಂದು ಸಾಹೇಬರು ಕಲಿಸಿದ್ದ ಪಾಠ ನಾಲಿಗೆಯ ತುದಿಯವರೆಗೆ ಬಂತು. ವಿಭೂತಿಗೆ ಧೂಳು ಎಂದರೆ ಅವನು ಆ ಮನೆಯಿಂದ ನಡೆದು ಹೊರಬರುವಂತಿರಲಿಲ್ಲ.

"ಯಜಮಾನ್ರೇ, ವಿಭೂತಿ ಎಲ್ಲಿ ಹಚ್ಚತೀರಿ?"

"ಹಣಿಗೆ."

"ಕಣ್ಣಾಗ ಹಾಕ್ತೀರೇನ್ರೀ?"

"ಏ, ಕಣ್ಣಾಗ ಯಾರ ಹಾಕ್ತಾರೋ!"

"ನೋಡ್ರಿ ಮತ್ತ, ಈ ಡಬ್ಬಿ ಮ್ಯಾಗಿಂದು ಇದರ ಹಣಿ. ನೀವು ಹಿಡದದ್ದು ಕಣ್ಣು."

ಅಮರಗುಂಡಪ್ಪನವರು ಕೈ ಹಿಂದಕ್ಕೆ ಎಳೆದುಕೊಂಡರು. "ಶಿವ ಶಿವಾ! ಮುಂಜಾನಿಂದ ಅದರ ಕಣ್ಣಾಗ ಹಾಕಾಕತ್ತೀನೇನೋ? ಮೊದಲ ಹೇಳಬಾರದ?" ಎಂದು ಡಬ್ಬಿಯ ಹಣೆಗೆ ಮೂರು ಎಳೆ ಎಳೆದು, ಬಾಗಿಲಿಗೆ ಕಾವಲು ನಿಂತುಬಿಟ್ಟರು. "ಯಾರರ ಅದರ ಕಣ್ಣ ಮುಟ್ಟೀರಿ ಅಂದ್ರ ನೋಡ್ರಿ ಮತ್ತ!"

ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ರಾಯಚೂರಿನಲ್ಲಿ ಹೆರಿಗೆಯಾಗಿದ್ದ ಮಗಳು ರಾಜಶ್ರೀಗೆ ಶೇಖರಮ್ಮ ವಿಡಿಯೊ ಕಾಲ್ ಮಾಡಿದರು. ಇಷ್ಟು ದಿನ ಮಾಳಿಗೆ ಹತ್ತಿ ಮೊಬೈಲ್ ಎತ್ತಿ ಹಿಡಿದರೂ ಮೊಮ್ಮಗಳ ಮುಖ ಚೂರುಚೂರಾಗಿಯೇ ಬರುತ್ತಿತ್ತು. ಈಗ ಕೂಸು ಬಾಯಿ ತುಂಬ ಆಕಳಿಸಿತು. "ಅಯ್ಯ ನನ್ನವ್ವಾ, ಗದ್ದದಾಗ ಕುಣಿ ಐತಿ ನೋಡ್ರೀ!" ಎಂದು ಶೇಖರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಗನಬಸವನ ದಣಿವೆಲ್ಲ ಅಲ್ಲೇ ಇಳಿಯಿತು.

ಸಂಜೆ ವಾಸಿಂ ಸಾಹೇಬರು ಬಳಗಾನೂರು ಮುಗಿಸಿಕೊಂಡು ಬಂದರು. ಮೀಟರ್ ನೋಡಿ, "ಭೇಷ್!" ಎಂದರು. ಆಮೇಲೆ ಮನೆಯವರ ಕಡೆ ತಿರುಗಿದರು. "ಹುಡುಗ ಹೆಂಗ್ರೀ?"

"ಬಂಗಾರದಂಥಾ ಹುಡುಗ್ರೀ," ಎಂದರು ಶೇಖರಮ್ಮ.

"ದಿನಾ ಪೂರ್ತಿ ಒಂದ ಮಾತು ಜೋರ ಆಡಿಲ್ಲ," ಎಂದರು ಯಜಮಾನರು.

"ನಮ್ಮ ಮನಿಗೂ ಇವನ ಬರಬೇಕು, ಇಲ್ಲಂದ್ರ ನಿಮ್ಮ ಕೇಬಲ್ಲೇ ಬ್ಯಾಡ," ಎಂದಳು ಪಕೀರಮ್ಮ. ಓಣಿಯೆಲ್ಲ ಹೌದು ಹೌದು ಎಂದಿತು. ಒಂದೊಂದು ಹೊಗಳಿಕೆಗೂ ಸಂಗನಬಸವನಿಗೆ ಹಟ್ಟಿ ಒಂದೊಂದು ಮೈಲಿ ಹತ್ತಿರ ಬಂದಂತಾಯಿತು.

"ನೀ ಪಾಸ್!" ಎಂದು ಸಾಹೇಬರು ಬೆನ್ನು ತಟ್ಟಿದರು. "ಇವತ್ತಿನಿಂದ ವಳಕಮದಿನ್ನಿ, ಬಳಗಾನೂರು, ಈ ಕಾಲುವೆ ಕಡೆ ಹಳ್ಳಿ ಎಲ್ಲಾ ನಿಂದು."

"ಈ ಕಡೆ? ಸಾಹೇಬ್ರೇ, ಲಿಂಗಸುಗೂರು?"

"ಲಿಂಗಸುಗೂರಿಗೆ ಲಕ್ಷ್ಮಣನ್ನ ಹಾಕೀನಿ."

"ಅವನೂ ಪಾಸೇನ್ರೀ?"

"ಕೈಕೆಲಸ ಚೊಲೊ ಐತಿ, ಬಾಯಿ ಸುಮಾರ. ಬಳಗಾನೂರಾಗ ಮನಿಯವರ ಕೂಡ ಜಗಳಾ ತಗದಾನ. ಇನ್ನ ಈ ಕಡೆ ಅವನ ಮುಖಾ ತೋರಸಬ್ಯಾಡ್ರಿ ಅಂತ ಒಂದ ಸವನ ಫೋನ್ ಮಾಡಾಕತ್ತಾರ. ಅವನ್ನ ದೂರ ಎಲ್ಲೆರ ಕಳಸಬೇಕೋ ಬ್ಯಾಡೋ? ನಿನ್ನಂಥಾವನ್ನ ಕಳಸಿ ನಾ ಇಲ್ಲಿ ಏನ್ ಮಾಡ್ಲಿ?"

ಓಣಿ ಚಪ್ಪಾಳೆ ತಟ್ಟಿತು. ಸಾಹೇಬರು ಲಕ್ಷ್ಮಣನಿಗೂ ಫೋನಿನಲ್ಲಿ ಸುದ್ದಿ ಹೇಳಿ ಹೊರಟುಹೋದರು. ಸಂಗನಬಸವ ಸಾಮಾನು ಕಟ್ಟಿ ಮುಗಿಸುವಷ್ಟರಲ್ಲಿ, ಆ ಮನೆಯ ವೈಫೈಗೆ ಹಚ್ಚಿದ್ದ ಅವನ ಮೊಬೈಲಿಗೆ ಅವ್ವನ ವಿಡಿಯೊ ಕಾಲ್ ಬಂತು.

"ಪಾಸಾದಿಯಂತಲ್ಲೋ ನನ್ನಪ್ಪಾ! ಓಣಿಗೆಲ್ಲಾ ಸಕ್ರಿ ಹಂಚಿ ಬಂದೆ," ಎಂದಳು ಯಮನಮ್ಮ. "ನಿನ್ನ ಗೆಳೆಯ ಲಕ್ಷ್ಮಣ ಫೋನ್ ಮಾಡಿ ಹೇಳಿದ. ಲಿಂಗಸುಗೂರಿಗೆ ಬರ್ತಾನಂತ. ಪಾಪ, ಎಷ್ಟ ಮೆತ್ತಗ ಮಾತಾಡ್ತಾನೋ! ಖಾನಾವಳಿ ಊಟ ಅವಗ ಆಗಿ ಬರಂಗಿಲ್ಲಂತ. ನನ್ನ ಮಗ ಬ್ಯಾರೆ ಅಲ್ಲ, ನೀ ಬ್ಯಾರೆ ಅಲ್ಲ, ದಿನಾ ಹಟ್ಟಿಗೇ ಊಟಕ್ಕ ಬಾ ಅಂದೀನಿ."

ಹಾಗೆನ್ನುತ್ತಲೇ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಅದು ದುಂಡಗೆ ಉಬ್ಬಿತು. ಚಿತ್ರ ಒಂದಿಷ್ಟೂ ತಡವರಿಸಲಿಲ್ಲ, ಎಲ್ಲೂ ಮಸುಕಾಗಲಿಲ್ಲ. ರೊಟ್ಟಿಯಿಂದ ಏಳುವ ಹಬೆ ಕೂಡ ಎಳೆಎಳೆಯಾಗಿ ಕಾಣುತ್ತಿತ್ತು. ಸಂಗನಬಸವ ಅಷ್ಟು ಚೆನ್ನಾಗಿ ಬೆಸೆದಿದ್ದ.